ಛಾವಣಿಯ ಕೆಳಗಿನ ನೀರು

೧೯೮೮ರಲ್ಲಿ, ಏಳನೇ ಇಯತ್ತೆಯ ದಸರೆ ಸೂಟಿಯಲ್ಲಿ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನಮ್ಮ ಜಿಲ್ಲೆಯನ್ನು ಆಗಿನ್ನೂ ವಿಜಾಪುರ ಎನ್ನುತ್ತಿದ್ದರು. ಡೊಂಬಿವಲಿಯಲ್ಲಿ ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸಕ್ಕಿದ್ದ ಸೋದರಮಾವ ಸೂಟಿಗೆ ಊರಿಗೆ ಬಂದಿದ್ದ. ಅವನು ಹೊರಟ ದಿನ ಅವನ ಟ್ರಂಕನ್ನು ಬಸ್ಸಿಗೆ ಏರಿಸಲು ಹೋದವನು ಟ್ರಂಕಿನ ಜೊತೆ ನಾನೂ ಏರಿದೆ. ಕೂತಲ್ಲಿ ಕೂರದ ಹುಡುಗ ಎಂದು ಮಾಸ್ತರರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮುಂಬೈ ಕಡೆ ಯಾರೂ ಕೂರುವುದೇ ಇಲ್ಲ ಎಂದು ಮಾವ ಹೇಳಿದ್ದ. ನನಗೆ ಅಷ್ಟು ಕಾರಣ ಸಾಕಾಗಿತ್ತು.

ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಏಳನೇ ಇಯತ್ತೆಯವನು ಲೇಖನ ಬರೆದರೆ ಬೇರೆ ಯಾರೋ ಬರೆದುಕೊಟ್ಟಿರಬೇಕು ಎಂದು ಜನ ತಿಳಿಯುತ್ತಾರೆ. ಯಾರೂ ಬರೆದುಕೊಟ್ಟಿಲ್ಲ. ಇಷ್ಟು ವರ್ಷ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಕನ್ನಡ ಪೇಪರ್ ಓದಿದವನು ನಾನು. ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಪೇಪರ್. ಹಾಗೆ ಓದಿದ್ದು ಸುಲಭಕ್ಕೆ ಮರೆಯುವುದಿಲ್ಲ.

ಮೊದಲು ಸಿಮೆಂಟು ಕಲಸಿದೆ. ಆಮೇಲೆ ಮನೆಗಳಿಗೆ ಫರಸಿ ಹಾಸಿದೆ, ಬಾತ್‌ರೂಮುಗಳಿಗೆ ಟೈಲ್ಸ್ ಹಚ್ಚಿದೆ. ಠಾಣೆಯಲ್ಲಿ ಸಾಲು ಸಾಲಾಗಿ ಟವರುಗಳು ಎದ್ದು, ಪ್ರತಿ ಕಾಂಪ್ಲೆಕ್ಸಿಗೂ ಒಂದು ಸ್ವಿಮಿಂಗ್ ಪೂಲ್ ಬೇಕೇ ಬೇಕು ಎಂದಾದಾಗ ಆ ಕೆಲಸಕ್ಕೆ ಬಿದ್ದೆ. ಅದು ನನ್ನ ಕೈಗೆ ಹತ್ತಿತು. ಠಾಣೆ, ಬದಲಾಪುರ, ಕೋಪರಖೈರಣೆ, ಎಲ್ಲಿ ಕರೆದರೂ ಹೋದೆ. ಒಂದು ಕಡೆ ಕೆಲಸ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ಅಳತೆಗೆ ನಿಂತಿರುತ್ತಿದ್ದೆ. ಕೈಕೆಳಗಿನವರು ನನ್ನನ್ನು ಹಿಂದಿನಿಂದ ‘ಫಾಸ್ಟ್ ಲೋಕಲ್’ ಎನ್ನುತ್ತಾರೆಂದು ನನಗೆ ಗೊತ್ತು. ಅನ್ನಲಿ.

ತೆರೆದ ಪೂಲ್ ಒಂದು ಕೆಲಸ, ಛಾವಣಿಯ ಕೆಳಗಿನದು ಬೇರೆಯೇ ಕೆಲಸ. ಅಲ್ಲಿ ಮಾತಾಡಿದ್ದು ಗೋಡೆಗೆ ತಾಗಿ ತಿರುಗಿ ಬರುತ್ತದೆ, ಹಾಗಾಗಿ ಒಬ್ಬನಿಗೆ ಬೈದರೆ ಎಲ್ಲರಿಗೂ ಬೈದಂತೆ. ನೀರು ತುಂಬಿ ಬಿಸಿ ಮಾಡಿದ ಮೇಲೆ ಛಾವಣಿ ಬೆವರುತ್ತದೆ. ಕ್ಲೋರಿನ್ ವಾಸನೆ ಹೊರಗೆ ಹೋಗದೆ ಅಲ್ಲೇ ಸುತ್ತುತ್ತಿರುತ್ತದೆ. ಹೊರಗೆ ಜೋರು ಮಳೆ ಹೊಡೆಯುತ್ತಿದ್ದರೂ ಒಳಗೆ ನೀರು ಅಲುಗಾಡದೆ ನಿಂತಿರುತ್ತದೆ. ಮೊದಲ ಸಲ ಅದನ್ನು ಕಂಡಾಗ ನನಗೆ ಹಿಡಿಸಲಿಲ್ಲ. ನೀರನ್ನು ಇಷ್ಟು ಸುಮ್ಮನೆ ಕೂರಿಸಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ.

ಇಂಥ ಕಟ್ಟಡಕ್ಕೆ ಏನೆನ್ನಬೇಕು ಎಂಬುದು ಅಲ್ಲಿಂದಲೇ ನನ್ನ ತಲೆ ಹೊಕ್ಕಿತು. ನನ್ನ ಟೀಮಿನ ರಾಯಚೂರು ಕಡೆಯವರು ‘ಟಾಂಕಿ’ ಎನ್ನುತ್ತಾರೆ. ಅವರಿಗೆ ನಾಲ್ಕು ಗೋಡೆಯೊಳಗೆ ನಿಂತ ನೀರೆಲ್ಲ ಟಾಂಕಿಯೇ. ಮರಾಠಿ ಸೂಪರ್‌ವೈಸರುಗಳಿಗೆ ಅದು ತರಣ ತಲಾವ್. ಆರ್ಕಿಟೆಕ್ಟ್ ಕಳಿಸಿದ ನಕ್ಷೆಯೊಂದರಲ್ಲಿ ‘ನೇಟಟೋರಿಯಂ’ ಎಂದಿತ್ತು. ಸೈಟಿನ ಇಂಜಿನಿಯರ್ ಅದನ್ನು ಓದಲು ಹೋಗಿ ಎಡವಿ, ‘ಪೂಲ್ ಹಾಲ್ ರೇ’ ಎಂದು ಮುಂದೆ ಸರಿದ. ಕಟ್ಟಡ ಮುಗಿದು ಬಣ್ಣ ಬಳಿದು ಬೋರ್ಡು ಏರಿಸುವ ಹೊತ್ತಿಗೆ ಅದು ಅಕ್ವಾ ಕ್ಲಬ್ಬೋ ಬ್ಲೂ ಅರೀನಾವೋ ಆಗಿರುತ್ತದೆ. ಕನ್ನಡದಲ್ಲಿ ಏನು?

ಡೊಂಬಿವಲಿಯ ನಮ್ಮ ಕನ್ನಡ ಸಂಘ ಸ್ಮರಣ ಸಂಚಿಕೆ ತರುವಾಗ ನಾನು ಅರ್ಧ ಪುಟದ ಜಾಹೀರಾತು ಕೊಡಲು ಹೋದೆ. ಸಂಚಿಕೆ ನೋಡಿಕೊಳ್ಳುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಮೈಸೂರಿನ ಹಿರಿಯರು.

“ಟೈಲ್ಸ್ ಕಾಂಟ್ರ್ಯಾಕ್ಟರ್ ಅಂತ ಹಾಕೋಣ ಬಿಡಿ. ಎಲ್ರಿಗೂ ಅರ್ಥ ಆಗತ್ತೆ,” ಎಂದರು.

“ಟೈಲ್ಸ್ ಎಲ್ಲಾರೂ ಹಚ್ಚತಾರ್ರೀ ಸರ. ನಂದು ಮಾಳಿಗಿ ಕೆಳಗ ನೀರು ನಿಲ್ಲಿಸೋ ಕೆಲಸ. ಅದಕ್ಕ ಚಂದಂದೊಂದು ಹೆಸರು ಕೊಡ್ರಿ.”

“ಒಳಾಂಗಣ ಈಜುಕೊಳ. ಪೇಪರ್‌ನಲ್ಲೆಲ್ಲ ಹಾಗೇ ಬರೀತಾರೆ.”

“ಕೊಳ ಅಂದ್ರ ನೀರಾತು. ಗ್ವಾಡಿ, ಮಾಳಿಗಿ, ಬಾಗಲಾ, ಇವೆಲ್ಲಾ ಎಲ್ಲಿ ಹ್ವಾದವು?”

“ಒಳಾಂಗಣದಲ್ಲಿ ಬಂದ್ವಲ್ಲಾ ಸ್ವಾಮಿ!”

“ಅಂಗಳಾ ಮನಿ ಮುಂದ ಇರತೈತ್ರಿ. ನೀವು ಅದನ್ನ ಎತ್ತಿ ಒಳಗಿಟ್ರ ಹೆಂಗ?”

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ನೀವು ಬೇಗ ಶಾಲೆ ಬಿಟ್ಟಿದ್ದು ಒಳ್ಳೇದಾಯ್ತು ಕಣ್ರೀ. ಮೇಷ್ಟ್ರುಗಳು ಬದುಕ್ಕೊಂಡ್ರು.”

ಇಬ್ಬರೂ ನಕ್ಕೆವು. ಜಾಹೀರಾತು ಟೈಲ್ಸ್ ಕಾಂಟ್ರ್ಯಾಕ್ಟರ್ ಎಂದೇ ಬಂತು. ಆದರೆ ನಾನು ಸಂಘದ ಮೆಟ್ಟಿಲಿಳಿಯುವಾಗಲೂ ಹೆಸರು ಹುಡುಕುತ್ತಿದ್ದೆ. ನನ್ನ ಕೈಯಿಂದ ಎದ್ದ ಒಂದು ವಸ್ತುವಿಗೆ ನನ್ನ ಭಾಷೆಯಲ್ಲಿ ಹೆಸರಿಲ್ಲ ಎಂದರೆ ನನಗೆ ಅವಮಾನವಾದಂತೆ ಅನಿಸುತ್ತಿತ್ತು. ಅದು ಬರೀ ಅಭಿಮಾನದ ಮಾತಾಗಿತ್ತು. ಮನೆಯಲ್ಲೇ ಅದರ ಅಗತ್ಯ ಬೀಳುತ್ತದೆಂದು ಗೊತ್ತಿರಲಿಲ್ಲ.

ನನ್ನ ಹೆಂಡತಿಯ ಮೊಣಕಾಲು ಸವೆದವು. ಲಗ್ನವಾದ ಹೊಸದರಲ್ಲಿ ಅವಳು ನನ್ನ ಜೊತೆ ಸೈಟಿನಲ್ಲೇ ದುಡಿದವಳು. ಲಿಫ್ಟ್ ಕೂರಿಸದ ಕಟ್ಟಡಗಳಲ್ಲಿ ಟೈಲ್ಸಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಏರಿದ್ದಾಳೆ, ಮರಳು ಹೊತ್ತಿದ್ದಾಳೆ. ನಾವು ಇರುವುದು ಠಾಕುರ್ಲಿಯಲ್ಲಿ, ನಾಲ್ಕನೇ ಮಹಡಿ, ನಮ್ಮ ಬಿಲ್ಡಿಂಗಿಗೂ ಲಿಫ್ಟ್ ಇಲ್ಲ. ಮೊದಮೊದಲು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ಇಳಿಯುತ್ತಿದ್ದಳು. ಆಮೇಲೆ ಏಡಿಯಂತೆ ಅಡ್ಡಡ್ಡ ಇಳಿಯತೊಡಗಿದಳು. ಆಮೇಲೆ ಇಳಿಯುವುದನ್ನೇ ಬಿಟ್ಟಳು. ಬಾಜಾರ ಮಗಳ ಪಾಲಿಗೆ ಬಂತು.

ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ ಹೇಳಿದರು: ಆಪರೇಶನ್ ಮಾಡಿ ಮೊಣಕಾಲು ಬದಲಿಸಬಹುದು, ಆದರೆ ಈ ವಯಸ್ಸಿಗೆ ಬೇಗವಾಯಿತು, ಮುಂದೆ ಹಾಕಿದಷ್ಟೂ ಒಳ್ಳೆಯದು. ಅಲ್ಲಿಯವರೆಗೆ ಕಾಲಿನ ಸ್ನಾಯುಗಳನ್ನು ಉಳಿಸಿಕೊಳ್ಳಬೇಕು. ಸುಮ್ಮನೆ ಕೂತರೆ ಇನ್ನೊಂದು ವರ್ಷದಲ್ಲಿ ಹಾಸಿಗೆಯಿಂದ ಏಳುವುದೂ ಕಷ್ಟವಾಗುತ್ತದೆ. ಬೆಚ್ಚಗಿನ ನೀರಿನಲ್ಲಿ, ಎದೆಮಟ್ಟ ನಿಂತು, ನಡೆಯಬೇಕು. ನೀರು ಮೈಭಾರ ಹೊರುತ್ತದೆ.

ನಾನು ಎದೆಯುಬ್ಬಿಸಿಕೊಂಡು ಆಸ್ಪತ್ರೆಯಿಂದ ಬಂದೆ. ಔಷಧಿ ಅಂಗಡಿ ಇಟ್ಟವನ ಹೆಂಡತಿಗೆ ಗುಳಿಗೆ ಬರೆದುಕೊಟ್ಟ ಹಾಗಾಗಿತ್ತು.

“ನಾಳಿಂದ ಸ್ವಿಮಿಂಗ್ ಪೂಲಿಗೆ ಹೋಗೂಣು,” ಎಂದೆ.

“ನಾ ಒಲ್ಲೆ.”

“ಯಾಕ?”

“ಒಲ್ಲೆ ಅಂದ್ರ ಒಲ್ಲೆ. ಎಣ್ಣಿ ತಿಕ್ಕೋತೀನಿ.”

ಅವಳು ಅಷ್ಟೇ ಹೇಳಿದ್ದು. ಉಳಿದದ್ದನ್ನೆಲ್ಲ ನಾನೇ ತುಂಬಿಕೊಂಡೆ. ನಾಚಿಕೆ ಎಂದುಕೊಂಡೆ. ಸ್ವಿಮಿಂಗ್ ಪೂಲ್ ಎಂದರೆ ಚಡ್ಡಿ ಹಾಕಿದವರು, ಫೋಟೋ ತೆಗೆಸಿಕೊಳ್ಳುವವರು, ಈ ವಯಸ್ಸಿನಲ್ಲಿ ಅಲ್ಲಿಗೆ ಹೋದರೆ ಬಿಲ್ಡಿಂಗಿನ ಹೆಂಗಸರು ಏನಂದಾರು ಎಂದು ಅವಳು ಅಂಜುತ್ತಿದ್ದಾಳೆ ಎಂದು ನನಗೆ ನಾನೇ ವಿವರಿಸಿಕೊಂಡೆ. ಹಾಗಾದರೆ ತಪ್ಪು ಹೆಸರಿನದು. ಹೆಸರು ಬದಲಿಸಿದರೆ ಅವಳು ಬರುತ್ತಾಳೆ. ಇಷ್ಟು ದಿನ ಸಂಘದ ಮೆಟ್ಟಿಲ ಮೇಲೆ ಹುಡುಕುತ್ತಿದ್ದ ಹೆಸರನ್ನು ಈಗ ಹೆಂಡತಿಗಾಗಿ ಹುಡುಕತೊಡಗಿದೆ.

ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಅವಳು ಅಡುಗೆಮನೆಯಿಂದ ಹಾಲಿಗೆ ಬರುವಾಗ ಗೋಡೆ ಹಿಡಿದು ಬರುತ್ತಿದ್ದಳು. ಅವಳ ಕೈ ಊರಿ ಊರಿ ಸುಣ್ಣದ ಗೋಡೆಯ ಮೇಲೆ ಒಂದು ಕಪ್ಪು ಪಟ್ಟಿ ಬಿದ್ದಿತ್ತು. ಅದನ್ನು ನೋಡಿದರೆ ನನಗೆ ಚಪ್ಪಲಿ ಮೆಟ್ಟಿ ಹೊರಗೆ ಬೀಳಬೇಕೆನಿಸುತ್ತಿತ್ತು. ಬೀಳುತ್ತಿದ್ದೆ. ಕೆಲಸವಿರಲಿ ಬಿಡಲಿ, ಠಾಕುರ್ಲಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಮೊದಲು ಬಂದ ಗಾಡಿ ಹತ್ತುತ್ತಿದ್ದೆ.

ಬಿಸಿನೀರಿನ, ಛಾವಣಿಯ, ಹೆಂಗಸರಿಗೆ ಬೇರೆ ಹೊತ್ತು ಇರುವ ಜಾಗ ಬೇಕಾಗಿತ್ತು. ಠಾಣೆಯಲ್ಲಿ ನಾನೇ ಟೈಲ್ಸ್ ಹಚ್ಚಿದ ಕಾಂಪ್ಲೆಕ್ಸಿನ ಗೇಟಿಗೆ ಹೋದೆ. ವಾಚ್‌ಮನ್ ಕೈ ಅಡ್ಡ ಹಿಡಿದ.

“ಕಾರ್ಡ್ ದಿಖಾವ್.”

“ಅರೇ ಭಯ್ಯಾ, ಯೇ ಪೂಲ್ ಮೈನೇ ಬನಾಯಾ ಹೈ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ತೋ ಕ್ಯಾ, ಅಭೀ ನಹಾನೇ ಆಯೇ ಹೋ?”

ಕಟ್ಟಿದವನು ಸ್ನಾನಕ್ಕೆ ಬಂದನೇ ಎಂದು ನಕ್ಕ. ನಾನು ಬಂದ ದಾರಿ ಹಿಡಿದೆ. ಅವನ ಕೆಲಸ ಅವನು ಮಾಡಿದ. ಆದರೆ ಠಾಣೆ ಸ್ಟೇಷನ್ ತಲುಪುವವರೆಗೂ ನನ್ನ ಕಿವಿ ಬಿಸಿಯಾಗಿಯೇ ಇತ್ತು. ಕೋಪರಖೈರಣೆಯದು ಒಂದು ಶಾಲೆಯ ಮಕ್ಕಳಿಗೆ ಮಾತ್ರ. ಬದಲಾಪುರದ್ದಕ್ಕೆ ಛಾವಣಿಯಿಲ್ಲ, ನೀರು ತಣ್ಣಗೆ. ಕಡೆಗೆ ಉಳಿದದ್ದು ಡೊಂಬಿವಲಿಯ ಕಾರ್ಖಾನೆಗಳ ಕಡೆ, ಒಂದು ಫಿಸಿಯೋಥೆರಪಿಯವರ ಚಿಕ್ಕ ಕಟ್ಟಡ. ಅದೂ ನನ್ನ ಕೈಯದೇ. ಮುಗಿಸಿ ಬಹಳ ದಿನವಾಗಿರಲಿಲ್ಲ. ನಮ್ಮ ಮನೆಯಿಂದ ರಿಕ್ಷಾದಲ್ಲಿ ಹೋದರೆ ಹತ್ತಿರ. ಮಧ್ಯಾಹ್ನ ಹೆಂಗಸರ ಬ್ಯಾಚ್ ಇತ್ತು.

ಅಲ್ಲಿ ನೀರಿನಲ್ಲಿ ವ್ಯಾಯಾಮ ಮಾಡಿಸುತ್ತಿದ್ದಾಕೆ ಉಡುಪಿ ಕಡೆಯವರು. ನಾನು ಕನ್ನಡದಲ್ಲಿ ಮಾತು ತೆಗೆದದ್ದೇ ಅವರಿಗೆ ಖುಷಿಯಾಯಿತು.

“ಎಂತಕ್ಕೆ ಹೆದರುವುದು ಮಾರಾಯ್ರೆ? ಕರ್ಕೊಂಡು ಬನ್ನಿ. ಈ ಬ್ಯಾಚಿಗೆ ಬರುವವರೆಲ್ಲ ಅಜ್ಜಿಯಂದಿರೇ. ಮೈ ತುಂಬ ಮುಚ್ಚುವ ಡ್ರೆಸ್ ಉಂಟು.”

“ಹೆಸರ ಕೇಳಿದ್ರ ಆಕಿ ಬರೂದಿಲ್ರಿ. ನೀವು ಇದಕ್ಕ ಕನ್ನಡದಾಗ ಏನಂತೀರಿ?”

“ನಾನಾ? ಕೆರೆ ಅಂತೇನೆ. ಕೆರೆಗೆ ಹೋಗಿ ಬರ್ತೇನೆ ಅಂದ್ರೆ ನನ್ನ ಗಂಡನಿಗೆ ಗೊತ್ತಾಗ್ತದೆ.”

ಅವರ ಕಡೆ ಮನೆಯ ಹಿತ್ತಲಲ್ಲೇ ಕೆರೆ ಇರುತ್ತದಂತೆ. ನಮ್ಮ ಕಡೆ ಕೆರೆಯೆಂದರೆ ಊರ ಹೊರಗಿನದು, ಎಮ್ಮೆ ಇಳಿಯುವಂಥದ್ದು. ಹೆಂಡತಿಗೆ ಹೋಗಿ ಕೆರೆಗೆ ಬಾ ಎಂದರೆ ಮೊಣಕಾಲಿನ ಜೊತೆ ನನ್ನ ತಲೆಯೂ ಸವೆದಿದೆ ಎಂದುಕೊಳ್ಳುತ್ತಾಳೆ.

ಆ ಸಂಜೆ ಮಗಳ ಜೊತೆ ಗುಟ್ಟಾಗಿ ಮಾತಾಡಿದೆ. ಅವಳು ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಹೇಳುತ್ತಾಳೆ.

“ನೀರಿನ ದವಾಖಾನಿ ಅಂದ್ರ ಹೆಂಗ?” ಎಂದೆ.

“ಪಪ್ಪಾ, ಪಕಡೇ ಜಾವೋಗೇ. ಅವ್ವ ಕೋ ಬುದ್ಧೂ ಸಮಝಾ ಹೈ ಕ್ಯಾ?”

ಸಿಕ್ಕಿಬೀಳುತ್ತೀಯ, ಅವ್ವನನ್ನು ದಡ್ಡಿ ಎಂದುಕೊಂಡೆಯಾ ಎಂದು ಕೇಳಿದಳು. ನಾನು ಕೇಳಲಿಲ್ಲ. ಹೆಂಡತಿಗೆ ಹೊಸದೊಂದು ದವಾಖಾನೆ ಇದೆ, ನೀರಿನಿಂದ ಉಪಚಾರ ಮಾಡುತ್ತಾರೆ ಎಂದೆ. ಅವಳು ನನ್ನ ಮುಖ ನೋಡಿ, “ಆತು, ನಡೀರಿ,” ಎಂದಳು. ನನ್ನ ಹೆಸರು ಗೆದ್ದಿತು ಎಂದುಕೊಂಡೆ.

ಮರುದಿನ ನಾಲ್ಕು ಮಹಡಿ ಅಡ್ಡಡ್ಡ ಇಳಿದಳು. ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡಳು. ನಾನು ಎರಡೆರಡು ಮೆಟ್ಟಿಲು ಮುಂದೆ ಇಳಿದು, ಮತ್ತೆ ಹಿಂದೆ ಏರಿ, ಮತ್ತೆ ಇಳಿದೆ. “ನೀವು ಸುಮ್ಮ ಒಂದ ಕಡೆ ನಿಂದರ್ರಿ, ನನಗ ತಲಿ ತಿರಗತೈತಿ,” ಎಂದಳು. ಕಟ್ಟಡದ ಮುಂದೆ ಇಳಿದು ಬಾಗಿಲ ಹತ್ತಿರ ಬಂದವಳು ಅಲ್ಲೇ ನಿಂತಳು. ಒಳಗಿನಿಂದ ಬೆಚ್ಚನೆಯ ಕ್ಲೋರಿನ್ ಗಾಳಿ ಬಂತು, ಯಾರೋ ನಕ್ಕಿದ್ದು ಛಾವಣಿಗೆ ತಾಗಿ ದೊಡ್ಡದಾಗಿ ಕೇಳಿತು.

“ಇದು ನಿಮ್ಮ ಕೆಲಸ ಅಲ್ಲೇನು?”

“ಹೌದು.”

“ದವಾಖಾನಿ ಅಂದ್ರಿ.”

“ನೀರಿನ ದವಾಖಾನಿ ಅಂದೆ.”

ಅವಳು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ಉಡುಪಿಯ ಟೀಚರು ಹೊರಗೆ ಬಂದರು. “ಬನ್ನಿ ಅಕ್ಕ, ನಾಚಿಕೆ ಎಂತದು? ಒಳಗೆ ಗಂಡಸರು ಯಾರೂ ಇಲ್ಲ.”

“ನಾಚಿಕಿ?” ಹೆಂಡತಿ ಅವರನ್ನೂ ನನ್ನನ್ನೂ ನೋಡಿದಳು. “ಯಾರಿಗವ್ವಾ ನಾಚಿಕಿ? ಇವರ ಜೋಡಿ ಸೈಟಿನ ಮ್ಯಾಲೆ ಶೆಡ್ಡಿನಾಗ ಬಾಳೇ ಮಾಡೀನಿ. ತಾಡಪತ್ರಿ ಕಟ್ಟಿಕೊಂಡು ಅದರ ಮರಿಗಿ ಜಳಕಾ ಮಾಡೀನಿ. ನಾಚಿಕಿ ಅಂತ!”

“ಮತ್ತ ಯಾಕ ಒಲ್ಲೆ ಅಂದಿ?” ನಾನು ಬೇಸತ್ತು ಕೇಳಿದೆ.

“ಪೂಲು ಅಂದಾಗ ಮನಿ ಹತ್ತರದ ಇದ ಅಂತ ತಿಳದೆ. ಈ ನೀರಿಗೆ ಉಡಿ ತುಂಬಿಲ್ಲ. ನಿಮಗ ಗೊತ್ತಿಲ್ಲೇನು?”

ಇದನ್ನು ತಿಳಿಯದವರಿಗೆ ಹೇಳಬೇಕು. ನಮ್ಮ ಕಡೆ ಹೊಸ ಬಾವಿ ತೋಡಿದರೆ, ಮೊದಲ ನೀರಿಗೆ ಯಾರಾದರೂ ಕಾಲಿಡುವ ಮುಂಚೆ ಮುತ್ತೈದೆಯೊಬ್ಬಳು ಗಂಗವ್ವನಿಗೆ ಉಡಿ ತುಂಬುತ್ತಾಳೆ. ಅರಿಶಿನ, ಕುಂಕುಮ, ಅಕ್ಕಿ, ಎಲೆ ಅಡಿಕೆ, ಕಾಯಿ, ಕುಪ್ಪಸದ ಒಂದು ಖಣ. ಬಾಗಿನ ಪಡೆಯುವ ಹೆಂಗಸಿನ ಮಡಿಲು ತುಂಬಿದ ಹಾಗೆಯೇ ನೀರಿನ ಮಡಿಲು ತುಂಬುವುದು. ನನ್ನ ಪ್ರತಿ ಪೂಲಿಗೂ ನನ್ನ ಹೆಂಡತಿ ಅದನ್ನು ಮಾಡಿದ್ದಾಳೆ. ಬೆಳಿಗ್ಗೆ ಮಾಲೀಕರು ಬರುವ ಮುಂಚೆ, ತಳದಲ್ಲಿ ಕಾಲಿನ ಹರಡು ಮುಳುಗುವಷ್ಟು ನೀರು ಬಂದಾಗ ಏಣಿಯಿಂದ ಇಳಿದು, ಒಂದು ಮೂಲೆಯಲ್ಲಿ ತಾಟಿಟ್ಟು ಪೂಜೆ ಮಾಡುತ್ತಿದ್ದಳು. ಫಿಲ್ಟರಿಗೆ ಹೋಗದಂತೆ ಎಲ್ಲವನ್ನೂ ತಾಟಿನಲ್ಲೇ ಇಟ್ಟು ತಾಟಿನಲ್ಲೇ ತರುತ್ತಿದ್ದಳು. ಆ ಖಣಗಳಿಂದ ಹೊಲಿಸಿದ ಕುಪ್ಪಸಗಳು ಅವಳ ಟ್ರಂಕಿನಲ್ಲಿವೆ. ಇದು ಠಾಣೆಯದು, ಇದು ಬದಲಾಪುರದ್ದು ಎಂದು ಅವಳು ಕುಪ್ಪಸ ತೋರಿಸಿ ಹೇಳುತ್ತಾಳೆ.

ಡೊಂಬಿವಲಿಯ ಈ ಪೂಲು ಮುಗಿಯುವ ಹೊತ್ತಿಗೆ ಅವಳ ಕಾಲು ತಳಕ್ಕಿಳಿಯುವ ಸ್ಥಿತಿಯಲ್ಲಿರಲಿಲ್ಲ.

“ಕಾಯಿ ಒಡಿಸಿದ್ನಲ್ಲ!” ಎಂದೆ.

“ಕಾಯಿ ಮೊಬೈಲ್ ಅಂಗಡಿ ಓಪನಿಂಗಿಗೂ ಒಡೀತಾರ.” ಆಮೇಲೆ ದನಿ ತಗ್ಗಿಸಿ ಟೀಚರಿಗೆ ಹೇಳಿದಳು, “ಬಯಲಾಗಿನ ನೀರಾದ್ರ ಸೂರ್ಯಾ ನೋಡತಾನ, ಮಳಿ ಬೀಳತೈತಿ, ಹಕ್ಕಿ ಬಂದು ಕುಡೀತಾವ. ಮಾಳಿಗಿ ಕೆಳಗ ಕೂಡಿಹಾಕಿದ ನೀರಿಗೆ ಯಾರ ಅದಾರ ಹೇಳವ್ವಾ? ಅದನ್ನ ಕೇಳಲಾರದ ಅದರ ಮೈಮ್ಯಾಲೆ ನಾ ಹೆಂಗ ನಿಂದರಲಿ?”

ಊರೆಲ್ಲ ಸುತ್ತಿ ನಾನು ಹೆಸರು ಹುಡುಕಿದ್ದೆ, ಅವಳಿಗೆ ಹೆಸರಿನ ಚಿಂತೆಯೇ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ನನ್ನೆದುರು ಯಾರಿಗಾದರೂ ಒಂದು ಮಾತು ಪೂರ್ತಿ ಆಡಲು ಪುರಸೊತ್ತು ಸಿಗುವುದಿಲ್ಲ ಎಂದು ಮಗಳು ಹೇಳುತ್ತಾಳೆ. ಇರಬಹುದು. ಆದರೆ ನಾನು ಹೀಗೆ ಓಡಾಡದೆ ಇದ್ದಿದ್ದರೆ ಆ ಬೆಂಚಿನವರೆಗೆ ಅವಳು ಬರುತ್ತಲೂ ಇರಲಿಲ್ಲ.

ಟೀಚರು ಗಾಬರಿಯಾಗಿದ್ದರು. “ಅಕ್ಕ, ನೀರಿಗೆ ಅರಿಶಿನ ಬಿದ್ರೆ ಬಣ್ಣ ತಿರುಗ್ತದೆ. ನಾಳೆ ಅಜ್ಜಿಯಂದಿರೆಲ್ಲ ಓಡಿ ಹೋಗ್ತಾರೆ. ಅಕ್ಕಿ ಫಿಲ್ಟರಿಗೆ ಹೋದ್ರೆ ನನ್ನ ಕೆಲಸವೂ ಹೋಗ್ತದೆ.”

“ಇವರ ಯಾವ ಪೂಲಿನಾಗೂ ನಾ ಒಂದ ಕಾಳು ಅಕ್ಕಿ ಬಿಟ್ಟಿಲ್ಲ. ಒಂದ ಬಕೀಟು ಕೊಡು ಸಾಕು. ಇದರಾಗಿನ ನೀರು ಅದರಾಗ ತುಂಬಿ ಕೊಡು. ಬಕೀಟಿಗೆ ತುಂಬಿದ್ರೂ ಗಂಗವ್ವಗೇ ತುಂಬಿದಂಗ.”

“ಬಕೆಟಾ? ಎಷ್ಟು ಬೇಕು ಹೇಳಿ, ಕೊಡುವಾ!”

“ಶುಕ್ರವಾರ ಬರ್ತೀನಿ,” ಎಂದು ನನ್ನ ಹೆಂಡತಿ ಎದ್ದಳು. ನನ್ನನ್ನು ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಹಸಿರು ಖಣ, ಕಾಯಿ, ಎಲೆ ಅಡಿಕೆ ಎಲ್ಲ ಕಟ್ಟಿಕೊಂಡು ಬಂದಳು. ಮಗಳೂ ಜೊತೆಗೆ ಬಂದು ಅವಳನ್ನು ಒಳಗೆ ಕರೆದೊಯ್ದಳು. ನನ್ನನ್ನು ಬಾಗಿಲಲ್ಲಿ ತಡೆದರು. ಅಲ್ಲಿ ಕಾವಲಿಗೆ ಕೂತಿದ್ದ ಮರಾಠಿ ಹೆಂಗಸು, “ಲೇಡೀಸ್ ಬ್ಯಾಚ್ ಆಹೆ, ಕಾಕಾ,” ಎಂದಳು. ಒಳಗಿನ ಒಂದೊಂದು ಟೈಲ್ಸೂ ನನ್ನ ಕಣ್ಣೆದುರು ಹಚ್ಚಿದ್ದು, ನಾನು ಹೊರಗೆ. ಬೆಂಚಿನ ಮೇಲೆ ಕೂತೆ, ಎದ್ದೆ. ಕಟ್ಟಡವನ್ನು ಒಂದು ಸುತ್ತು ಹಾಕಿದೆ. ಹಿಂದಿನ ಗೋಡೆಯಲ್ಲಿ ಮೇಲೆ ಗಾಳಿಗೆಂದು ಕಿಂಡಿಗಳ ಜಾಲಿ ಇಟ್ಟಿದ್ದಾರೆ. ಅದರ ಕೆಳಗೆ ನಿಂತರೆ ಒಳಗಿನ ಮಾತು ಕೇಳುತ್ತದೆ. ಕದ್ದು ಕೇಳಿದೆ ಎಂದು ಯಾರಾದರೂ ಅಂದರೆ ಅನ್ನಲಿ, ಗೋಡೆಯಾಚೆ ಇದ್ದವಳು ನನ್ನ ಹೆಂಡತಿ.

ಬಕೆಟ್ಟು ಇಟ್ಟ ಸದ್ದು. ಒಬ್ಬ ಮರಾಠಿ ಅಜ್ಜಿ ‘ಥಾಂಬಾ, ಹಳದಿ ಕುಂಕು ಮೀ ಪಣ ಲಾವತೆ’ ಎಂದು ತಾನೂ ಅರಿಶಿನ ಕುಂಕುಮ ಹಚ್ಚಲು ಬಂದಳು. ಕಾಯಿ ಎಲ್ಲಿ ಒಡೆಯುವುದು ಎಂದು ಗಲಾಟೆಯಾಯಿತು. ಹೊರಗೇ ಒಡೆಯಬೇಕೆಂದು ಟೀಚರು ಕೂಗಿದರು. ಆಮೇಲೆ ಖಣವನ್ನು ನೀರಿಗಿಳಿಯುವ ಮೆಟ್ಟಿಲಿನ ಸ್ಟೀಲ್ ಹಿಡಿಕೆಗೆ ಕಟ್ಟಲು ಹೆಂಡತಿ ಮಗಳಿಗೆ ಹೇಳುತ್ತಿದ್ದಳು. ಆಮೇಲೆ ಬಟ್ಟೆ ಬದಲಿಸಲು ಹೋಗಿರಬೇಕು. ಬಹಳ ಹೊತ್ತು ಅವಳ ದನಿ ಇಲ್ಲ.

“ಕೈ ಹಿಡ್ಕೊಳ್ಳಿ ಅಕ್ಕ. ಒಂದು ಕಾಲು ಕೆಳಗೆ. ಹಾಂ. ಇನ್ನೊಂದು.”

ನಂತರ ಏನೂ ಇಲ್ಲ. ನೀರಿನ ಸದ್ದೂ ಇಲ್ಲ. ನಾನು ಗೋಡೆಗೆ ಕಿವಿ ಕೊಟ್ಟೆ. ಆ ಮೆಟ್ಟಿಲುಗಳ ಅಂಚನ್ನು ನಾನೇ ಉಜ್ಜಿ ನುಣುಪು ಮಾಡಿಸಿದ್ದೆ. ಜಾಸ್ತಿ ನುಣುಪಾಯಿತೇ? ಅವಳು ಜಾರಿದರೆ? ಇವತ್ತು ಹೆದರಿದಳೆಂದರೆ ಇನ್ನು ಜನ್ಮದಲ್ಲಿ ನಾಲ್ಕನೇ ಮಹಡಿಯಿಂದ ಇಳಿಯುವವಳಲ್ಲ. ಅಷ್ಟರಲ್ಲಿ “ಯವ್ವಾ!” ಎಂದು ಅವಳು ಕೂಗಿದ್ದು ಛಾವಣಿ ಸುತ್ತಿ ಜಾಲಿಯಿಂದ ನನ್ನ ತಲೆಯ ಮೇಲೆ ಬಿತ್ತು.

ನಾನು ಓಡಿ ಮುಂದಿನ ಬಾಗಿಲಿಗೆ ಬಂದೆ. ಕಾವಲಿನ ಹೆಂಗಸು ಎರಡೂ ಕೈ ಚಾಚಿ ಅಡ್ಡ ನಿಂತಳು. “ಕಾಕಾ! ಕುಠೆ?”

ಒಳಗಿನಿಂದ ಹೆಂಡತಿಯ ದನಿ ಬಂತು, ಈ ಸಲ ಜೋರಾಗಿ: “ಏ, ಕಾಲು ಹಗರ ಆಗ್ಯಾವಲ್ಲ! ನೋವ ಇಲ್ಲ! ನೋಡ ಟೀಚರ, ನಾ ನಡ್ಯಾಕತ್ತೀನಿ!”

ಮಗಳು ಚಪ್ಪಾಳೆ ಹೊಡೆದಳು. ಅಜ್ಜಿಯಂದಿರು ಏನೇನೋ ಕೂಗಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆ ಹೆಂಗಸು ನನಗೆ ನೀರು ಕೊಟ್ಟಳು. ಕುಡಿಯುತ್ತಿರುವಾಗ ಮತ್ತೆ ಅದೇ ದನಿ: “ಹೊರಗ ಇವರಿಗೆ ಹೇಳ್ರಿ, ಈ ಮೂಲ್ಯಾಗ ಟೈಲ್ಸಿನ ಜಾಯಿಂಟ್ ಬಿಟ್ಟೈತಿ! ನನ್ನ ಹೆಬ್ಬೆರಳಿಗೆ ಹತ್ತೇತಿ!”

ಅದು ಬಿಟ್ಟಿರಲಿಲ್ಲ. ಕ್ಲೋರಿನ್ ಹೆಚ್ಚಾದರೆ ಸಂದಿನ ಸಿಮೆಂಟು ತಿನ್ನುತ್ತದೆ, ಅದು ನನ್ನ ತಪ್ಪಲ್ಲ. ಆವತ್ತು ರಿಕ್ಷಾದಲ್ಲಿ ಮನೆಯವರೆಗೂ ಇದನ್ನೇ ಅವಳಿಗೆ ವಿವರಿಸಿದೆ. ಅವಳು ಒದ್ದೆ ತಲೆ ಹೊರಗೆ ಹಾಕಿ ರಸ್ತೆ ನೋಡುತ್ತಿದ್ದಳು. ನಾಲ್ಕನೇ ಮಹಡಿ ಏರುವಾಗ ನೋವು ವಾಪಸು ಬಂದಿತ್ತು. “ಬರ್ಲಿ ಬಿಡ್ರಿ, ಅದಕ್ಕೂ ಮನಿ ಬೇಕಲ್ಲ,” ಎಂದಳು.

ಅಲ್ಲಿಂದ ವಾರಕ್ಕೆ ಮೂರು ಮಧ್ಯಾಹ್ನ ಹೋಗುತ್ತಾಳೆ. ಮೊಣಕಾಲು ಹೊಸದಾಗಿಲ್ಲ, ಆಗುವುದೂ ಇಲ್ಲ. ಆದರೆ ಈಗ ಮೆಟ್ಟಿಲನ್ನು ನೆಟ್ಟಗೆ ಇಳಿಯುತ್ತಾಳೆ, ಬಾಜಾರಕ್ಕೂ ತಾನೇ ಹೋಗುತ್ತಾಳೆ. ಮೊನ್ನೆ ಡಾಕ್ಟರು ನೋಡಿ ಆಪರೇಶನ್ ಮಾತನ್ನೇ ಎತ್ತಲಿಲ್ಲ. ಟವೆಲಿನ ಚೀಲ ಹಿಡಿದು ಇಳಿಯುವಾಗ ಎಲ್ಲಿಗೆ ಎಂದು ಬಿಲ್ಡಿಂಗಿನವರು ಕೇಳುತ್ತಾರೆ. ಅವಳು “ನಹಾನೇ ಜಾತೀ ಹೂಂ” ಎಂದು ಸೀದಾ ಹೇಳಿಬಿಡುತ್ತಾಳೆ. ಎರಡನೇ ಮಹಡಿಯ ಹೆಂಗಸು, “ಕ್ಯೂಂ, ಆಪ್ ಕೇ ಘರ್ ಪಾನೀ ನಹೀಂ ಆಯಾ?” ಎಂದು, ನಮ್ಮ ನಲ್ಲಿಗೆ ನೀರು ಬಂದಿಲ್ಲವೆಂದೇ ತಿಳಿದು ನಿಜವಾಗಿ ಕಳವಳಪಟ್ಟು, ಒಂದು ಕೊಡ ನೀರು ಕೊಡಲು ಬಂದಿದ್ದಳು.

ನಾನು ಇನ್ನೂ ಹೆಸರು ಹುಡುಕುತ್ತಿದ್ದೇನೆ. ಈಜುಮನೆ ಎಂದು ಒಮ್ಮೆ ಬರೆದು ನೋಡಿದೆ. ಅಲ್ಲಿಗೆ ಹೋಗುವ ಯಾರೂ ಈಜುವುದಿಲ್ಲ, ನಡೆಯುತ್ತಾರೆ. ನೀರ್ಮನೆ ಎಂದು ಬರೆದೆ. ಅದನ್ನು ಮೈಸೂರಿನ ಹಿರಿಯರು ಒಪ್ಪಿದರು, ನನಗೇ ಒಪ್ಪಿಗೆಯಾಗಲಿಲ್ಲ. ಮುಂದಿನ ತಿಂಗಳು ಆ ಪೂಲು ಖಾಲಿ ಮಾಡಿ ಮೂಲೆಯ ಜಾಯಿಂಟುಗಳನ್ನು ಮತ್ತೆ ತುಂಬಬೇಕು. ನಾನೇ ಮಾಡುತ್ತೇನೆಂದು ಹೇಳಿದ್ದೇನೆ. ಅಷ್ಟು ದಿನ ಹೆಂಡತಿಯ ನಡಿಗೆ ತಪ್ಪುತ್ತದೆ. ಆದ್ದರಿಂದ ಬೇಗ ಮುಗಿಸಬೇಕು, ಹಾಗೆಂದು ಅವಸರದಲ್ಲಿ ಕೆಡಿಸಲೂಬಾರದು. ಈಗಿನಿಂದಲೇ ನನಗೆ ಕೂರಲಾಗುತ್ತಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಠಾಕುರ್ಲಿಯಲ್ಲಿ ಸ್ವಂತದ ಒಂದು ಮನೆ, ಅದಕ್ಕೆ ಎರಡು ಕೋಣೆ. ಟೈಲ್ಸ್ ಕತ್ತರಿಸುವ ಯಂತ್ರ ಎರಡು, ಒಂದು ರಿಪೇರಿಯಲ್ಲಿದೆ. ಕಾಯಂ ಕೆಲಸಗಾರರು ಐದು ಮಂದಿ. ಮಗಳು ಒಬ್ಬಳು. ಹೆಂಡತಿ ಒಬ್ಬಳು, ಇವತ್ತು ಅವಳ ಬ್ಯಾಚ್ ಇದೆ, ಮನೆಯಲ್ಲಿಲ್ಲ. ಅವಳ ಮೊಣಕಾಲು ಎರಡು, ಎರಡೂ ಹಳೆಯವೇ.